ಸಮುದ್ರದ ಪಾಲಿನ ಕಾಯಿ

ಕಾರಿನ ಮೇಲಿನ ಕವರು ಎಳೆದು ಮಡಿಸುವಾಗಲೇ ಷಡಕ್ಷರಪ್ಪನ ಮುಖ ಗಂಟಿಕ್ಕಿಕೊಂಡಿತ್ತು. ಜಗದಾಂಬಾ ಅದನ್ನು ನೋಡಿಯೂ ನೋಡದವಳಂತೆ ಊಟದ ಬುಟ್ಟಿಯನ್ನು ಡಿಕ್ಕಿಯೊಳಗೆ ಇಟ್ಟಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮುಖ ಓದುವುದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಈಗ ಮಾತಾಡಿಸಿದರೆ ಒಂದು ಕಾರಣ ಹೊರಗೆ ಬೀಳುತ್ತದೆ. ಕಾರಣ ಹೊರಗೆ ಬಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ.

ಡಿಸೆಂಬರಿನ ಕೊನೆಯ ವಾರ. ಭದ್ರಾವತಿಯ ನ್ಯೂಟೌನಿನ ಬೀದಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಎದುರು ಮನೆಯವರು ಕಟ್ಟಿದ್ದ ಕ್ರಿಸ್‌ಮಸ್ ನಕ್ಷತ್ರದ ದೀಪವನ್ನು ಯಾರೂ ಆರಿಸಿರಲಿಲ್ಲ. ಪಕ್ಕದ ಮನೆಯ ವಿಮಲಾ ಸ್ವೆಟರಿನ ತೋಳೊಳಗೆ ಕೈ ಹುದುಗಿಸಿಕೊಂಡು ಕಾಂಪೌಂಡಿನ ಹತ್ತಿರ ಬಂದಳು.

“ಅಂತೂ ಹೊರಟ್ರಾ ಜಗದಾಂಬಕ್ಕ? ಈ ಸಲ ನಿಜವಾಗ್ಲೂ?”

“ಕಾರು ಗೇಟು ದಾಟ್ಲಿ ವಿಮಲಾ, ಆಮೇಲೆ ಹೇಳ್ತೀನಿ.”

“ನಂಗೊಂದು ಶಂಖ ತನ್ನಿ.”

“ಮೊದಲು ನಾನು ಸಮುದ್ರ ನೋಡ್ತೀನಿ ಮಾರಾಯ್ತಿ. ಶಂಖ ಆಮೇಲೆ.”

ಆ ಮಾತು ಯಾರಿಗೆ ಎಸೆದದ್ದೆಂದು ಷಡಕ್ಷರಪ್ಪನಿಗೆ ಅರ್ಥವಾಗಿತ್ತು. ಅವನು ಕಾರಿನ ಬಾಗಿಲು ಹಾಕಿದ ರಭಸಕ್ಕೇ ಅದು ಗೊತ್ತಾಯಿತು.

ಜಗದಾಂಬಾ ಸಮುದ್ರ ನೋಡಿರಲಿಲ್ಲ. ಭದ್ರಾವತಿಯಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುರುಡೇಶ್ವರದ ಮರಳಲ್ಲಿ ಕೂರಬಹುದು. ಬೀದಿಯ ಮಕ್ಕಳೆಲ್ಲ ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಬಂದಿದ್ದಾರೆ. ಮದುವೆಯಾದ ವರ್ಷ ಷಡಕ್ಷರಪ್ಪ ಕರೆದೊಯ್ಯುತ್ತೇನೆ ಎಂದಿದ್ದ. ಹೊರಡುವ ಹಿಂದಿನ ದಿನ ಯಾರದೋ ಅಕ್ಕಿ ಗಿರಣಿಯ ಶಾಫ್ಟು ಮುರಿಯಿತು. ಮಗಳು ಅಕ್ಷರಾ ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಬಟ್ಟೆಬರೆ ಕಟ್ಟಿ ಆಗಿತ್ತು. ಆಗ ಆಲೆಮನೆಯ ಗಾಣದ ಗೇರು ರಿಪೇರಿಗೆ ಬಂತು. ಮಗಳ ಮದುವೆಯಾಗಿ ಅವಳು ದಾವಣಗೆರೆ ಸೇರಿದ ಮೇಲೆ ಇನ್ನೇನು ಅಡ್ಡಿ ಅಂದುಕೊಂಡರೆ, ಕಾರು ಬಂತು. ಬಂದ ಕಾರಿಗೆ ಕವರು ಹೊದಿಸಿ ಮಲಗಿಸಿದ್ದಾಯಿತು. ಷಡಕ್ಷರಪ್ಪ ಸ್ಕೂಟರಿನಲ್ಲೇ ಓಡಾಡುವವನು. ಕಾರು ಹೊರಗೆ ಬರುತ್ತಿದ್ದದ್ದು ನೆಂಟರ ಮದುವೆಗೆ, ಸಾವಿಗೆ ಅಷ್ಟೆ.

ಅವನಿಗೆ ಮಾಚೇನಹಳ್ಳಿಯಲ್ಲಿ ಸ್ವಂತ ಲೇತ್ ವರ್ಕ್‌ಶಾಪು. ಯಂತ್ರ ಓಡುವ ಶಬ್ದ ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾನೆಂದು ಸುತ್ತಮುತ್ತ ಹೆಸರು. ಮಿಲ್ಲಿನವರು ಫೋನನ್ನು ಮೋಟಾರಿನ ಪಕ್ಕ ಹಿಡಿದು “ಏನಾಗಿದೆ ಹೇಳಿ ಸಾರ್” ಅನ್ನುತ್ತಿದ್ದರು. ಅವನು ಇಲ್ಲಿಂದಲೇ ಹೇಳುತ್ತಿದ್ದ. ಆ ಕಿವಿಯ ಬಗ್ಗೆ ಅವನಿಗೆ ಜಂಬ. ಜಗದಾಂಬಾಳ ಅಭಿಪ್ರಾಯ ಬೇರೆಯಿತ್ತು. ಬೇರಿಂಗಿನ ನರಳಾಟ ಕೇಳುವ ಆ ಕಿವಿಗೆ ಹೆಂಡತಿ ಒಂದು ಮಾತನ್ನು ಮೂರು ಸಲ ಹೇಳಿದರೂ ತಾಗುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅವಳು ಒಂದೇ ಮಾತು ಹೇಳಿದ್ದಳು: “ಈ ವರ್ಷ ಮುಗಿಯೋದ್ರೊಳಗೆ ಸಮುದ್ರ ತೋರಿಸಿ. ಇಲ್ಲಾಂದ್ರೆ ಇನ್ನು ಈ ಜನ್ಮದಲ್ಲಿ ನಿಮ್ಮನ್ನ ಏನೂ ಕೇಳಲ್ಲ.”

“ಕೇಳ್ಬೇಡ. ಒಳ್ಳೇದೇ ಆಯ್ತಲ್ಲ,” ಎಂದು ಅವನು ನಕ್ಕಿದ್ದ.

ಅವಳು ಅದನ್ನು ಬೆದರಿಕೆಗೆ ಹೇಳಿದ್ದಲ್ಲ. ಏನನ್ನೂ ಕೇಳದೆ ಇರುವುದು ಹೇಗಿರುತ್ತದೆಂದು ಈ ಮನೆಯಲ್ಲೇ ಕಂಡಿದ್ದಳು. ಅವಳ ಅತ್ತೆ ಕೊನೆಗಾಲದಲ್ಲಿ ಹಾಗೆ ಇದ್ದುಬಿಟ್ಟಿದ್ದರು. ಮಾವನಿಗೆ ತಟ್ಟೆ ಇಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಜ್ವರ ಬಂದರೆ ಕಷಾಯ ಕಾಸುತ್ತಿದ್ದರು. ಒಂದು ಬೇಕು ಇಲ್ಲ, ಒಂದು ಬೇಡ ಇಲ್ಲ. ಮಾವ ತೀರಿಕೊಂಡ ದಿನವೂ ಅದೇ ಮುಖ. ಈಚೆಗೆ ಆ ಮುಖ ತನ್ನ ಕನ್ನಡಿಯಲ್ಲಿ ಒಂದೆರಡು ಸಲ ಕಂಡು ಜಗದಾಂಬಾ ಬೆಚ್ಚಿದ್ದಳು. ಹಾಗಾಗಿಯೇ ಈ ಸಲ ಮಗಳ ಕೈಯಲ್ಲಿ ಮೊಬೈಲಿನಲ್ಲೇ ರೂಮು ಬುಕ್ ಮಾಡಿಸಿ, ವರ್ಕ್‌ಶಾಪಿನ ರಜೆ ನೋಡಿಕೊಂಡು, ಸ್ಟೆಪ್ನಿಗೂ ಗಾಳಿ ತುಂಬಿಸಿಕೊಂಡು ಬನ್ನಿ ಎಂದು ಕಾರನ್ನು ಮೊನ್ನೆ ಪಂಚರ್ ಅಂಗಡಿಗೆ ಕಳಿಸಿದ್ದಳು. ಯಾವ ಕಾರಣಕ್ಕೂ ಸಂದು ಬಿಟ್ಟಿರಲಿಲ್ಲ.

ಭದ್ರೆಯ ಸೇತುವೆ ದಾಟಿದರು. ಊರು ಹಿಂದೆ ಸರಿಯಿತು. ಜಗದಾಂಬಾಳಿಗೆ ಮೈ ಸ್ವಲ್ಪ ಹಗುರವಾಯಿತು.

“ಅಕ್ಷರಾ ಹೇಳ್ತಿದ್ಲು, ಸಂಜೆ ಹೊತ್ತಲ್ಲಿ ಅಲೆ ನಮ್ಮ ಕಾಲಿನ ಕೆಳಗಿನ ಮರಳನ್ನೇ ಎಳ್ಕೊಂಡು ಹೋಗತ್ತಂತೆ. ನಾವು ನಿಂತಲ್ಲೇ ನಿಂತಿದ್ರೂ ಯಾರೋ ಜಾರಿಸ್ಕೊಂಡು ಹೋದ ಹಾಗೆ...”

“ಶ್! ಬಾಯಿ ಮುಚ್ಚು ಸ್ವಲ್ಪ. ಶಬ್ದ ಕೇಳ್ಬೇಕು.”

ಅವಳು ಬಾಯಿ ಮುಚ್ಚಿದಳು. ಅವನು ಕಿಟಕಿಯ ಗಾಜು ಏರಿಸಿ ತಲೆ ವಾರೆ ಮಾಡಿದ. ರಸ್ತೆಯ ಉಬ್ಬಿನ ಮೇಲೆ ಚಕ್ರ ಹತ್ತಿ ಇಳಿದಾಗ ಎಲ್ಲೋ ‘ಲೊಟಕ್’ ಎಂದಿತು. ತಿರುವಿನಲ್ಲಿ ಮತ್ತೆ ‘ಲೊಟಕ್, ಲೊಟಕ್’.

“ಬುಷ್ ಹೋಗಿದೆ,” ಅಂದ. ಬೆಳಗಿನಿಂದ ಮೊದಲ ಸಲ ಅವನ ಹಣೆಯ ಗಂಟು ಸಡಿಲವಾದದ್ದನ್ನು ಅವಳು ಗಮನಿಸಿದಳು. “ಮುಂದಿನ ಎಡಗಡೆ ಚಕ್ರದ್ದು. ಇದನ್ನ ಇಟ್ಕೊಂಡು ಘಾಟಿ ಇಳಿಯೋ ಹಾಗಿಲ್ಲ.”

“ಸಣ್ಣ ಶಬ್ದ ಅಲ್ವೇನ್ರೀ. ಹೋಗೋಣ.”

“ನಿಂಗೆ ಏನು ಗೊತ್ತಾಗತ್ತೆ? ಮಾಚೇನಹಳ್ಳಿ ದಾರೀಲೇ ಇದೆ. ಒಂದು ಗಳಿಗೆ ಕೆಲಸ.”

ಅವಳಿಗೆ ಗೊತ್ತಾಗಬೇಕಾದದ್ದು ಗೊತ್ತಾಯಿತು. ಕಾರಣ ಹೊರಗೆ ಬಿದ್ದಿತ್ತು.

ವರ್ಕ್‌ಶಾಪಿನ ಶಟರು ಅರ್ಧ ಎತ್ತಿತ್ತು. ರಜೆಯಾದರೂ ಹಳೆಯ ಫಿಟ್ಟರ್ ಮುರುಗೇಶಪ್ಪ ಮೆಷಿನ್ನುಗಳಿಗೆ ಎಣ್ಣೆ ಬಿಡಲು ಬಂದಿದ್ದ. ಕಾರು ನೋಡಿ ಅವನ ಮುಖ ಪೆಚ್ಚಾಯಿತು.

“ಅಯ್ಯೋ ಸಾರ್, ಸಮುದ್ರಕ್ಕೆ ಹೋಗಿಲ್ವಾ?”

“ಸಮುದ್ರ ಎಲ್ಲೂ ಓಡಿ ಹೋಗಲ್ಲ. ಜಾಕ್ ತಗೊಂಡ್ ಬಾ.”

ಮುರುಗೇಶಪ್ಪ ಜಗದಾಂಬಾಳ ಕಡೆ ನೋಡಿ ಒಂದು ಸ್ಟೂಲು ಒರೆಸಿ ಹಾಕಿದ. ಅವಳು ಕೂತಳು. ಹೊಸ ಸೀರೆಯ ಅಂಚಿಗೆ ಕಬ್ಬಿಣದ ಸಿಬರು ತಾಗದಂತೆ ಮೇಲೆತ್ತಿ ಹಿಡಿದುಕೊಂಡಳು. ಷಡಕ್ಷರಪ್ಪ ಶರ್ಟು ಕಳಚಿ ಮೊಳೆಗೆ ನೇತುಹಾಕಿ, ಎಣ್ಣೆ ಜಿಡ್ಡಿನ ಹಳೆಯ ಅಂಗಿ ತೊಟ್ಟ. ತೊಟ್ಟದ್ದೇ ಅವನ ಮೈಗೆ ಜೀವ ಬಂದಂತಾಯಿತು. ಎಡಚಕ್ರ ಬಿಚ್ಚಿದ. ಬುಷ್ ಸರಿಯಾಗಿತ್ತು. ಬಲಚಕ್ರ ಬಿಚ್ಚಿದ. ಅದೂ ಸರಿಯಾಗಿತ್ತು. “ಹಾಗಾದ್ರೆ ಡ್ಯಾಶ್‌ಬೋರ್ಡ್ ಒಳಗಿದೆ,” ಅಂದ.

“ಸಾರ್, ಹಿಂದ್ಗಡೆ ಒಂದ್ಸಲ ನೋಡೋಣ್ವಾ?” ಮುರುಗೇಶಪ್ಪ ಕೇಳಿದ.

“ನಂಗೆ ಕಿವಿ ಇದೆ ಮುರುಗೇಶಪ್ಪ. ಶಬ್ದ ಎದುರಿಂದ ಬರ್ತಿದೆ.”

ಬಿಸಿಲು ಏರಿತು. ಹೆದ್ದಾರಿಯಲ್ಲಿ ಅಯ್ಯಪ್ಪ ಮಾಲೆ ಹಾಕಿದವರ ವ್ಯಾನುಗಳು, ಟ್ರಿಪ್ಪಿನ ಬಸ್ಸುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು. ಡ್ಯಾಶ್‌ಬೋರ್ಡಿನ ತುಂಡುಗಳು ಒಂದೊಂದಾಗಿ ಹೊರಬಂದು ಗೋಣಿಚೀಲದ ಮೇಲೆ ಮಲಗಿದವು.

“ಊಟ ತೆಗಿ, ಹಸಿವಾಗ್ತಿದೆ,” ಎಂದು ಅವನು ಬಾನೆಟ್ಟಿನ ಅಡಿಯಿಂದ ಕೂಗಿದ.

ಜೋಗದ ಹತ್ತಿರ ಎಲ್ಲಾದರೂ ನೆರಳಲ್ಲಿ ಕೂತು ತಿನ್ನಲೆಂದು ಮಾಡಿದ ಚಪಾತಿ ಅದು. ಜಗದಾಂಬಾ ತುಟಿ ಕಚ್ಚಿಕೊಂಡು ಡಿಕ್ಕಿ ತೆರೆದಳು. ಅವಳು ಬುಟ್ಟಿ ಎತ್ತುವುದಕ್ಕೂ, ಮುರುಗೇಶಪ್ಪ ಮುಂದಿನ ಜಾಕನ್ನು ಇನ್ನೆರಡು ಸುತ್ತು ಏರಿಸುವುದಕ್ಕೂ ಸರಿಹೋಯಿತು. ಕಾರಿನ ಮೂತಿ ಮೇಲೆದ್ದು ಹಿಂಭಾಗ ಬಗ್ಗಿತು. ಡಿಕ್ಕಿಯ ಮ್ಯಾಟಿನ ಅಡಿಯಲ್ಲಿ ಏನೋ ಉರುಳಿ ಬಂದು ಅವಳ ಕೈಯ ಹತ್ತಿರವೇ ‘ಲೊಟಕ್’ ಎಂದಿತು.

ಅವಳು ಮ್ಯಾಟಿನ ಮೂಲೆ ಎತ್ತಿದಳು. ಸ್ಟೆಪ್ನಿಯ ಪಕ್ಕದಲ್ಲಿ ಹಳದಿ ಬಟ್ಟೆಯ ಗಂಟು. ಕುಂಕುಮ ಕಪ್ಪಗಾಗಿತ್ತು. ಗಂಟಿನೊಳಗೆ ತೆಂಗಿನಕಾಯಿ.

ಮೂರು ವರ್ಷದ ಹಿಂದೆ ಕಾರಿಗೆ ಪೂಜೆ ಮಾಡಿಸಿದ ದಿನ ಅವಳೇ ಕಟ್ಟಿದ ಗಂಟು. ಚಕ್ರದಡಿ ನಿಂಬೆಹಣ್ಣು ಇಟ್ಟು, ಒಂದು ಕಾಯಿ ಒಡೆದು, ಇನ್ನೊಂದನ್ನು ಪಕ್ಕಕ್ಕಿಟ್ಟು “ಇದು ಸಮುದ್ರದ ಪಾಲು, ಅಲ್ಲೇ ಒಡೆಯೋದು” ಎಂದಿದ್ದಳು. ಅವನು ಉರುಳದಿರಲೆಂದು ಅದನ್ನು ಸ್ಟೆಪ್ನಿಯ ಕೆಳಗೆ ತುರುಕಿ “ಬರೋ ತಿಂಗಳೇ ಹೋಗೋಣ ಬಿಡು” ಎಂದಿದ್ದ. ಮೊನ್ನೆ ಪಂಚರ್ ಅಂಗಡಿಯವನು ಸ್ಟೆಪ್ನಿ ಎತ್ತಿದಾಗ ದೇವರದ್ದೆಂದು ಭಯಪಟ್ಟು ಎಸೆಯದೆ ಪಕ್ಕಕ್ಕೆ ಇಟ್ಟಿರಬೇಕು. ಅವಳು ಕಾಯಿಯನ್ನು ಮೆಲ್ಲಗೆ ಅಲ್ಲಾಡಿಸಿದಳು. ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಒಳಗೆ ಒಣಕೊಬ್ಬರಿಯ ಗಿಟುಕಾಗಿ ಬಡಿಯುತ್ತಿತ್ತು.

ಅವಳ ಬಾಯಿಗೆ “ರೀ” ಎಂಬ ಮಾತು ಬಂದೇ ಬಂತು. ಆದರೆ ಹೊರಗೆ ಬರಲಿಲ್ಲ. ಈಗ ಹೇಳಿದರೆ ಏನಾಗುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ‘ನಿನ್ನ ಕಾಯಿಯಿಂದ್ಲೇ ಇಷ್ಟೆಲ್ಲ ಆಗಿದ್ದು’ ಅನ್ನುತ್ತಾನೆ. ಅದನ್ನು ನೆಂಟರಿಷ್ಟರ ಮುಂದೆಲ್ಲ ಹೇಳಿ ನಗಿಸುತ್ತಾನೆ. ಇಲ್ಲವೇ ತಾನು ಸುಮ್ಮನೆ ಕಾಯಿಯನ್ನು ಬ್ಯಾಗಿಗೆ ಹಾಕಿಕೊಂಡರೆ ಶಬ್ದ ನಿಲ್ಲುತ್ತದೆ. ಅವನು ತಾನೇ ಸರಿಮಾಡಿದೆ ಎಂದು ಬೀಗುತ್ತಾನೆ. ಕಾರು ಸಮುದ್ರಕ್ಕೆ ಹೋಗುತ್ತದೆ. ಅದು ಬುದ್ಧಿವಂತಿಕೆ. ಎಷ್ಟೋ ವರ್ಷ ಅವಳು ಮಾಡಿಕೊಂಡು ಬಂದದ್ದು ಅಂಥದ್ದನ್ನೇ.

ಅವಳು ಕಾಯಿಯನ್ನು ಅಲ್ಲೇ ಇಟ್ಟು ಮ್ಯಾಟು ಮುಚ್ಚಿದಳು. ಒಂದೇ ಒಂದು ಸಲ ಈ ಮನುಷ್ಯ ‘ಇರಲಿ ಬಿಡು ಶಬ್ದ, ಹೋಗೋಣ’ ಅನ್ನುತ್ತಾನೋ ನೋಡಬೇಕು ಅನ್ನಿಸಿತು. ಅದರ ಜೊತೆಗೆ, ಅವನು ಬೆವರು ಸುರಿಸಿಕೊಂಡು ಇಲ್ಲದ್ದನ್ನು ಹುಡುಕುವುದು ನೋಡಲು ಹಿತವಾಗಿಯೂ ಇತ್ತು. ಸುಳ್ಳೇಕೆ, ಅವಳಿಗೂ ಅಷ್ಟು ಸಿಟ್ಟಿತ್ತು.

ಅವನು ಹತ್ತಿಯ ವೇಸ್ಟಿನಲ್ಲಿ ಕೈ ಒರೆಸಿಕೊಂಡು ಚಪಾತಿ ತಿಂದ. “ಚಟ್ನಿಪುಡಿಗೆ ಉಪ್ಪು ಕಡಿಮೆ,” ಅಂದ.

“ಉಪ್ಪು ಸಮುದ್ರದಲ್ಲಿದೆ,” ಅಂದಳು.

ಮುರುಗೇಶಪ್ಪ ನಗು ತಡೆಯಲು ತಲೆ ಬಗ್ಗಿಸಿಕೊಂಡ.

ಊಟವಾದ ಮೇಲೆ ಎಲ್ಲವನ್ನೂ ಮತ್ತೆ ಕೂರಿಸಿದ್ದಾಯಿತು. ಒಂದು ಪ್ಲಾಸ್ಟಿಕ್ ಪಟ್ಟಿ ಕೂರದೆ ಜೋತುಬಿತ್ತು. ಯಾವುದೋ ವಯರು ಎಲ್ಲಿಗೋ ಸೇರಿಕೊಂಡು ಒಂದು ಹೆಡ್‌ಲೈಟು ಆರದೆ ಹಗಲಲ್ಲೇ ಉರಿಯತೊಡಗಿತು. ಅಂಗಳದ ಸಿಮೆಂಟಿನ ಮೇಲೆ ಕಾರನ್ನು ಮೆಲ್ಲಗೆ ಒಂದು ಸುತ್ತು ಓಡಿಸಿದ. ನಯವಾದ ನೆಲ, ಶಬ್ದ ಬರಲಿಲ್ಲ.

“ಕ್ಲ್ಯಾಂಪ್ ಲೂಸಾಗಿತ್ತು. ಟೈಟ್ ಮಾಡಿದೆ. ನೋಡಿದ್ಯಾ?”

“ನೋಡ್ದೆ,” ಅಂದಳು ಜಗದಾಂಬಾ.

ಶಿವಮೊಗ್ಗದ ಕಡೆ ತಿರುಗಿದಾಗ ಅವನು ಸಣ್ಣಗೆ ಶಿಳ್ಳೆ ಹಾಕುತ್ತಿದ್ದ. ಹೊಸದಾಗಿ ಹಾಕಿದ ರಸ್ತೆಯ ಮೇಲೆ ಕಾರು ಹಾಯಾಗಿ ಹೋಯಿತು. ವಿದ್ಯಾನಗರ ಬಂತು. ತುಂಗೆಯ ಸೇತುವೆ ಬಂತು. ಸೇತುವೆಯ ಒಂದೊಂದು ಕೀಲಿನ ಮೇಲೆ ಚಕ್ರ ಹಾಯ್ದಾಗಲೂ ಹಿಂದಿನಿಂದ ಲೊಟಕ್, ಲೊಟಕ್, ಲೊಟಕ್.

ಶಿಳ್ಳೆ ನಿಂತಿತು. ಸೇತುವೆ ದಾಟಿ, ಬಸ್‌ಸ್ಟ್ಯಾಂಡಿಗೆ ಸ್ವಲ್ಪ ಹಿಂದೆ, ಅವನು ಕಾರನ್ನು ಅರ್ಧ ರಸ್ತೆಯಲ್ಲೇ ನಿಲ್ಲಿಸಿದ.

“ವಾಪಸ್ ಹೋಗೋಣ.”

“ಏನಂದ್ರಿ?”

“ವಾಪಸ್ ಹೋಗೋಣ ಅಂದೆ. ಪೂರ್ತಿ ಬಿಚ್ಚಿ ನೋಡ್ಬೇಕು. ಮುಂದಿನ ತಿಂಗಳು ನೋಡೋಣ ಮಾರಾಯ್ತಿ, ಸಂಕ್ರಾಂತಿ ಆಗ್ಲಿ.”

“ಮುಂದಿನ ತಿಂಗಳು. ಮೂರು ವರ್ಷದ ಹಿಂದೆ ಹೇಳಿದ್ದೂ ಅದನ್ನೇ.”

“ಘಾಟೀಲಿ ಚಕ್ರ ಕಳಚಿಕೊಂಡ್ರೆ ಯಾರು ಜವಾಬ್ದಾರಿ? ನಿನ್ನ ತಮ್ಮ ಬರ್ತಾನಾ ಎತ್ತೋಕೆ?”

“ನನ್ನ ತಮ್ಮನ ಹೆಸರು ಎತ್ಬೇಡಿ. ಅವನು ಹೆಂಡತೀನ ಆಟೋದಲ್ಲಾದ್ರೂ ಕೂರಿಸ್ಕೊಂಡು ಊರೆಲ್ಲ ತೋರಿಸಿದ್ದಾನೆ. ನಿಮಗೆ ಚಕ್ರದ ಚಿಂತೆಯೂ ಇಲ್ಲ, ಘಾಟಿದ್ದೂ ಇಲ್ಲ. ಬರೋಕೆ ಮನಸ್ಸಿಲ್ಲ, ಅಷ್ಟೆ. ಬಾಯ್ಬಿಟ್ಟು ಹೇಳಿ.”

ಹಿಂದಿನಿಂದ ಹಾರ್ನುಗಳು ಶುರುವಾದವು. ಆಟೋದವನೊಬ್ಬ ಪಕ್ಕಕ್ಕೆ ಬಂದು ತಲೆ ಹೊರಹಾಕಿದ. “ಏನ್ ಸಾರ್, ಜಗಳ ಮನೇಲ್ ಆಡ್ಕೊಳ್ಳಿ! ಗಾಡಿ ಸೈಡಿಗೆ ಹಾಕಿ! ಲೈಟ್ ಬೇರೆ ಉರೀತಿದೆ, ಹಗಲು ಕಾಣಲ್ವಾ?”

ಷಡಕ್ಷರಪ್ಪ ಕಾರನ್ನು ಅಂಚಿಗೆ ಎಳೆದು ನಿಲ್ಲಿಸಿ ಸ್ಟೇರಿಂಗಿನ ಮೇಲೆ ಎರಡು ಕೈ ಬಡಿದ.

“ಹೌದು, ಮನಸ್ಸಿಲ್ಲ! ಅಲ್ಲಿ ಹೋಗಿ ಎರಡು ದಿನ ಏನು ಮಾಡೋದು ಹೇಳು? ಮೆಷಿನ್ ಇಲ್ಲ, ಕೆಲಸ ಇಲ್ಲ. ನೀನು ಒಂದ್ಕಡೆ, ನಾನು ಒಂದ್ಕಡೆ. ಏನು ಮಾತಾಡೋದು ನಾವಿಬ್ರೂ? ಇಷ್ಟು ವರ್ಷ ಏನು ಮಾತಾಡಿದ್ದೀವಿ?”

ಅವಳಿಗೆ ಕೆನ್ನೆಗೆ ಬಿದ್ದಂತಾಯಿತು. ಆದರೂ ಇಷ್ಟು ವರ್ಷದಲ್ಲಿ ಅವನ ಬಾಯಿಂದ ಬಂದ ನಿಜವಾದ ಮಾತು ಇದೊಂದೇ ಎಂದೂ ಅನ್ನಿಸಿತು.

“ಅದನ್ನ ನೋಡೋಕೇ ಅಲ್ವಾ ಹೊರಟಿದ್ದು,” ಅಂದಳು. ಅಂದವಳೇ ಇಳಿದು ಹಿಂದೆ ಹೋಗಿ ಡಿಕ್ಕಿ ತೆರೆದಳು, ಗಂಟು ತೆಗೆದುಕೊಂಡಳು. ಅವನ ಕಿಟಕಿಯ ಹತ್ತಿರ ಬಂದು, ಊರಿಗೆಲ್ಲ ಹೆಸರಾದ ಆ ಕಿವಿಯ ಪಕ್ಕದಲ್ಲಿ ಹಿಡಿದು ಅಲ್ಲಾಡಿಸಿದಳು.

ಲೊಟಕ್, ಲೊಟಕ್.

ಅವನು ಗಂಟನ್ನು ನೋಡಿದ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಿದಾಗ ಮುಖ ಕೆಂಪೇರಿತು.

“ಯಾವಾಗ ಗೊತ್ತಾಯ್ತು ನಿಂಗೆ?”

“ಮಾಚೇನಹಳ್ಳೀಲಿ. ಚಪಾತಿ ತೆಗೆಯುವಾಗ.”

“ಮತ್ತೆ ಹೇಳ್ಲಿಲ್ಲ? ನಾನು ಅಷ್ಟು ಹೊತ್ತು ಕಾರಿನಡಿ ಮಲಗಿ ಸಾಯ್ತಿದ್ರೆ ನೋಡ್ತಾ ಕೂತಿದ್ಯಾ?”

“ಬಾಯಿ ಮುಚ್ಚು ಅಂದಿದ್ರಲ್ಲ. ಶಬ್ದ ಕೇಳ್ಬೇಕು ಅಂತ.”

“ಎಂಥಾ ವಿಷ ಮಾರಾಯ್ತಿ ನೀನು!”

“ಹೌದು. ಕಾಯಿಯೊಳಗಿನ ನೀರು ಇಂಗೋ ತನಕ ಕಾದ್ರೆ ಹೀಗೇ ಆಗತ್ತೆ.”

ಅವಳು ಹಿಂದಿನ ಸೀಟಿನಿಂದ ತನ್ನ ಕೈಚೀಲ ಎಳೆದುಕೊಂಡಳು. ಸೂಟ್‌ಕೇಸನ್ನು ಮುಟ್ಟಲಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹಳದಿ ಗಂಟು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಒಬ್ಬಳೇ ದಾವಣಗೆರೆ ಆಚೆಗೆ ಅವಳು ಎಂದೂ ಹೋದವಳಲ್ಲ. ‘ಜಗದಾಂಬಾ’ ಎಂದು ಹಿಂದಿನಿಂದ ಒಂದು ಸಲ ಕೇಳಿಸಿತು. ಎರಡನೆಯ ಸಲ ಕೇಳಿಸಿದರೆ ತಿರುಗುತ್ತಿದ್ದಳೋ ಏನೋ. ಕೇಳಿಸಲಿಲ್ಲ.

ಭಟ್ಕಳದ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ “ಒಬ್ರೇನಾಮ್ಮ?” ಎಂದು ಕೇಳಿದ. “ಒಬ್ಬಳೇ,” ಅಂದಳು. ಬಸ್ಸಿನ ಹಿಂದಿನ ಸಾಲಿನಲ್ಲಿ ಮಾತ್ರ ಜಾಗವಿತ್ತು. ಕಿಟಕಿಯ ಪಕ್ಕ ಕೂತು ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಸ್ಸು ಸಾಗರ ರಸ್ತೆ ಹಿಡಿದು ಊರು ದಾಟಿತು.

ಆಯನೂರಿನ ಹತ್ತಿರ ಬಂದಾಗ ಫೋನು ಬಡಿದುಕೊಂಡಿತು.

“ಎಲ್ಲಿದ್ದೀಯ?”

“ಬಸ್ಸಲ್ಲಿ.”

“ಅದು ಗೊತ್ತು. ಹಿಂದೇನೇ ಬರ್ತಿದ್ದೆ, ಈಗ ಗಾಡಿ ಸೈಡಿಗೆ ಹಾಕಿ ಮಾತಾಡ್ತಿದ್ದೀನಿ. ಮುಂದಿನ ಸ್ಟಾಪಲ್ಲಿ ಇಳಿ. ಕಾರಲ್ಲೇ ಹೋಗೋಣ.”

“ಇಳಿಯಲ್ಲ.”

ಆ ಕಡೆ ಲಾರಿಗಳು ಹಾದುಹೋಗುವುದು ಕೇಳಿಸಿತು.

“ಕಾರಲ್ಲಿ ಶಬ್ದ ಇಲ್ಲ ಈಗ,” ಅಂದ ಕೊನೆಗೆ. ಅವನ ದನಿಯಲ್ಲಿ ಜಂಬವಿರಲಿಲ್ಲ. “ಒಂಥರಾ ಖಾಲಿ ಖಾಲಿ ಅನ್ಸತ್ತೆ.”

“ಅಭ್ಯಾಸ ಮಾಡ್ಕೊಳ್ಳಿ.”

“ಸಾಗರದಲ್ಲಾದ್ರೂ ಇಳಿತೀಯಾ?”

“ಸಾಗರ ಬರ್ಲಿ, ನೋಡೋಣ. ಬುಟ್ಟೀಲಿ ಮೊಸರನ್ನ ಇದೆ. ಬಿಸಿಲಿಗೆ ಹುಳಿ ಬರತ್ತೆ, ನೆರಳಿಗೆ ಸರಿಸಿ.”

ಫೋನು ಚೀಲಕ್ಕೆ ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಬಸ್ಸಿನ ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದಳು. ಎರಡು ಲಾರಿಗಳ ಹಿಂದೆ ಅವರ ಕಾರು ಬರುತ್ತಿತ್ತು. ಅಷ್ಟು ಬಿಸಿಲಿನಲ್ಲೂ ಒಂದೇ ಹೆಡ್‌ಲೈಟು ಉರಿಯುತ್ತಿತ್ತು. ಲಾರಿಯನ್ನು ಹಿಂದೆ ಹಾಕಲು ಹೊರಬಂದು, ಎದುರಿನ ವಾಹನ ಕಂಡು ಮತ್ತೆ ಒಳಗೆ ಸೇರಿಕೊಂಡಿತು. ಅವಸರ ಬೇಡ ಎಂದು ಅವಳ ಬಾಯಿಗೆ ತಾನಾಗಿಯೇ ಬಂತು.

ಬಸ್ಸು ಗುಂಡಿಗೆ ಇಳಿದು ಎದ್ದಿತು. ತೊಡೆಯ ಮೇಲಿನ ಗಂಟು ಲೊಟಕ್ ಎಂದಿತು. ಪಕ್ಕದ ಸೀಟಿನ ಮುದುಕಿ ಬಗ್ಗಿ ನೋಡಿ, ಅಂಗೈಯಲ್ಲಿ ತೂಗಿದಂತೆ ಮಾಡಿ ನಕ್ಕಳು.

“ಒಣಗಿ ಕೊಬ್ಬರಿ ಆಗಿಬಿಟ್ಟಿದೆ ಕಣಮ್ಮ. ಇನ್ನೇನು ಕಾಯ್ತೀಯ, ಮನೆಗೆ ಹೋಗಿ ಒಡೆದು ಚಟ್ನಿಗೆ ಹಾಕು.”

“ಇಲ್ಲಜ್ಜಿ, ಇದನ್ನ ಒಡೆಯೋ ಜಾಗ ಇನ್ನೂ ಮುಂದಿದೆ,” ಅಂದಳು ಜಗದಾಂಬಾ. ಗಂಟು ಸಡಿಲವಾಗಿತ್ತು. ಅದನ್ನು ಬಿಚ್ಚಿ ಇನ್ನೊಂದು ಸಲ ಬಿಗಿಯಾಗಿ ಕಟ್ಟಿದಳು.